ಮರಕುಟಿಗನ ಎರಡು ಸಾಲು

ಯಾರಿಗೆ ಯಾವ ಕೆಲಸ ಹೊಂದುತ್ತದೆಂದು ಸ್ವಭಾವ ನೋಡಿ ಹೇಳುವುದು ಮರಕುಟಿಗನ ವೃತ್ತಿ. ಕೇಳಲು ಬಂದವರ ಗುರುತನ್ನು ಹೊನ್ನೆಮರದ ತೊಗಟೆಯಲ್ಲಿ ಎರಡು ಸಾಲಾಗಿ ಕೊರೆಯುತ್ತಿದ್ದ. ಸಾಧುಗಳು ಮರಿ ಸಾಕಲು, ಮುಂಗೋಪಿಗಳು ಕಾವಲಿಗೆ.

ಒಂದು ಜೇನುಹುಳ ಬಂತು.

"ದಿನವಿಡೀ ಏನು ಮಾಡುತ್ತೀಯ?"

"ಮರಿಗಳಿಗೆ ಉಣಿಸುತ್ತೇನೆ."

"ನೀನು ಸಾಧು. ಜೀವನಪೂರ್ತಿ ಅದನ್ನೇ ಮಾಡು," ಎಂದು ಮರಕುಟಿಗ ಸಾಧುಗಳ ಸಾಲಿನಲ್ಲಿ ಅದರ ಗುರುತು ಕೊರೆದ.

ಹದಿನೈದು ದಿನದ ಮೇಲೆ ಅದೇ ಹುಳ ಗೂಡಿನ ಬಾಗಿಲಲ್ಲಿ ಕಣಜದ ಹುಳವೊಂದರ ಮೇಲೆ ಬಿದ್ದು ಕಾದಾಡುತ್ತಿತ್ತು. ಮರಕುಟಿಗ ರೇಗಿದ. "ನನಗೇ ಸುಳ್ಳು ಹೇಳಿದೆಯಲ್ಲ!"

"ಸುಳ್ಳಲ್ಲ ಸ್ವಾಮಿ," ಕಣಜವನ್ನು ಹೊರದಬ್ಬಿ ಜೇನುಹುಳ ಏದುಸಿರಿನಲ್ಲೇ ಹೇಳಿತು. "ನೀವು ಕೇಳಿದ ದಿನ ಮರಿಗಳು ಹಸಿದಿದ್ದವು. ಇವತ್ತು ಕಳ್ಳರು ಬಂದಿದ್ದಾರೆ."

ಮರಕುಟಿಗ ತನ್ನ ಮರಕ್ಕೆ ಮರಳಿ ಎರಡೂ ಸಾಲುಗಳನ್ನು ಬಹಳ ಹೊತ್ತು ನೋಡಿದ. "ಇವರನ್ನೆಲ್ಲ ನಾನು ಕೇಳಿದ್ದು ಎಂಥ ದಿನ?"