ದಿನಾ ಹಚ್ಚುವ ಒಲೆಗೆ ತೆಂಗಿನಕಾಯಿ

ಒಂದು ಪಟ್ಟಣದಲ್ಲಿ ಒಂದು ಸಾಫ್ಟ್‌ವೇರ್ ಕಂಪನಿ ಇತ್ತು. ಸುತ್ತಲಿನ ಹಳ್ಳಿಗಳ ಹಾಲಿನ ಡೇರಿಗಳು ಅದನ್ನೇ ನಂಬಿದ್ದವು. ಬೆಳಿಗ್ಗೆ ಹಾಲು ಹಾಕಿದವರಿಗೆ ಎಷ್ಟು ಲೀಟರು, ಎಷ್ಟು ಫ್ಯಾಟ್ ಎಂದು ಚೀಟಿ ಮುದ್ರಿಸಿ ಕೊಡುವುದು ಆ ಸಾಫ್ಟ್‌ವೇರ್‌ನ ಕೆಲಸ.

ಕಂಪನಿಗೆ ಎರಡು ಮಹಡಿ. ಮೇಲಿನವರು ಸಾಫ್ಟ್‌ವೇರ್ ಬರೆಯುತ್ತಿದ್ದರು. ಅವರ ಮುಖ್ಯಸ್ಥೆ ಹರಿಣಿ. ಕೆಳಗಿನವರು ಅದನ್ನು ಡೇರಿಗಳಲ್ಲಿ ನಡೆಸುತ್ತಿದ್ದರು. ಅವರ ಮುಖ್ಯಸ್ಥ ಕಲ್ಲೇಶಪ್ಪ. ಏನೇ ಕೆಟ್ಟರೂ ಬೈಗುಳದ ಫೋನ್ ಬರುತ್ತಿದ್ದುದು ಕಲ್ಲೇಶಪ್ಪನವರಿಗೆ.

ಕೆಲವು ತಿಂಗಳಿಗೊಮ್ಮೆ ಮೇಲಿನಿಂದ ಹೊಸ ಆವೃತ್ತಿ ಇಳಿದು ಬರುತ್ತಿತ್ತು. ಆ ದಿನ ಕಲ್ಲೇಶಪ್ಪ ತಮ್ಮ ತೋಟದ ಕಾಯಿ ತಂದು, ಸರ್ವರ್‌ಗೆ ಕುಂಕುಮ ಇಟ್ಟು, ಒಡೆಯುತ್ತಿದ್ದರು. ಕಾಯಿ ಕೊಳೆತಿದ್ದರೆ ಕೆಲಸ ಮುಂದಿನ ವಾರಕ್ಕೆ. ಅಷ್ಟರಲ್ಲಿ ಮೇಲಿನವರು ಇನ್ನಷ್ಟು ಬದಲಾವಣೆ ಸೇರಿಸಿರುತ್ತಿದ್ದರು. ಹೊರೆ ಹೆಚ್ಚಿದಷ್ಟೂ ಭಯ. ಭಯ ಹೆಚ್ಚಿದಷ್ಟೂ ತಡ. ತಡವಾದಷ್ಟೂ ಹೊರೆ. ಕಾಯಿ ಚೆನ್ನಾಗಿದ್ದರೂ ಮಾರನೆಯ ಬೆಳಿಗ್ಗೆ ಎಲ್ಲಾದರೂ ಒಂದು ಕಡೆ ಚೀಟಿಯ ಯಂತ್ರ ನಿಲ್ಲುತ್ತಿತ್ತು.

"ನಮ್ಮ ಹತ್ರ ಸರಿಯಾಗೇ ಇತ್ತು" ಎನ್ನುತ್ತಿದ್ದರು ಮೇಲಿನವರು.

"ನೀವು ಕೊಟ್ಟಿದ್ದನ್ನೇ ಹಾಕಿದ್ವಿ" ಎನ್ನುತ್ತಿದ್ದರು ಕೆಳಗಿನವರು.

ಒಂದು ಸಲ ಬಹಳ ಡೇರಿಗಳು ಒಟ್ಟಿಗೇ ನಿಂತವು. ಚೀಟಿಯಿಲ್ಲದೆ ಅಳತೆ ನಿಂತು, ಕ್ಯಾನುಗಳಲ್ಲೇ ಹಾಲು ಒಡೆಯಿತು. ಹಾಲು ಒಕ್ಕೂಟದ ಅಧ್ಯಕ್ಷರು ಕಂಪನಿಗೇ ಬಂದರು. "ಇನ್ನೊಂದು ದಿನ ಹಾಲಿನ ಸಾಲು ನಿಂತರೆ ನಿಮ್ಮ ಸಹವಾಸ ಸಾಕು" ಎಂದು ಹೇಳಿ, ಕಾಫಿ ಕುಡಿಯದೆ ಹೋದರು. ಡೇರಿಗಳು ಹೋದರೆ ಕಂಪನಿಯೇ ಇಲ್ಲ.

ಒಡತಿ ವಸುಂಧರಾ ಗಾಬರಿಯಾದರು. ಬರೆಯುವವರೂ ನಡೆಸುವವರೂ ಒಂದಾಗಿ ದುಡಿಯುವ ಪದ್ಧತಿಗೆ ಡೆವ್‌ಆಪ್ಸ್ ಎನ್ನುತ್ತಾರೆಂದು ಎಲ್ಲೋ ಕೇಳಿದ್ದರು. ದುಬಾರಿ ಉಪಕರಣಗಳನ್ನು ಕೊಂಡರು. ಒಂದು ಕೋಣೆ ಖಾಲಿ ಮಾಡಿಸಿ, ಹೊಸಬರನ್ನು ಕೂರಿಸಿ, ಬಾಗಿಲಿಗೆ 'ಡೆವ್‌ಆಪ್ಸ್ ವಿಭಾಗ' ಎಂದು ಬೋರ್ಡು ಹಾಕಿಸಿದರು. ಬೈಯಲು ಮೂರನೆಯವರು ಸಿಕ್ಕಂತಾಯಿತು, ಅಷ್ಟೆ. ಕಲ್ಲೇಶಪ್ಪ ಹೊಸ ಉಪಕರಣಕ್ಕೂ ಕುಂಕುಮ ಇಟ್ಟರು.

ಹೀಗಿರುವಾಗ ಒಕ್ಕೂಟದಿಂದ ಒಂದು ಸಣ್ಣ ಬೇಡಿಕೆ ಬಂತು. ವಯಸ್ಸಾದವರಿಗೆ ಚೀಟಿಯ ಅಂಕಿ ಕಾಣುವುದಿಲ್ಲ, ದಪ್ಪ ಮಾಡಿಕೊಡಿ ಎಂದು. ಹರಿಣಿ ಮಧ್ಯಾಹ್ನದೊಳಗೆ ಮುಗಿಸಿ ಕೆಳಗಿಳಿದು ಬಂದಳು.

"ಮುಂದಿನ ಆವೃತ್ತಿಲಿ ಹಾಕೋಣ" ಎಂದರು ಕಲ್ಲೇಶಪ್ಪ.

"ಸಾರ್, ಎರಡೇ ಸಾಲು ಕೋಡ್ ಇದು."

"ಎರಡೇ ಆಗಲಿ, ಕಾಯಿ ಒಡೀದೆ ನಾನು ಏನೂ ಒಳಗೆ ಬಿಡಲ್ಲ ಕಣಮ್ಮ."

"ಮನೇಲಿ ಬೆಳಿಗ್ಗೆ ಒಲೆ ಹಚ್ಚೋಕೂ ಕಾಯಿ ಒಡೀತೀರಾ ಸಾರ್?"

ಅಕ್ಕಪಕ್ಕದವರು ನಕ್ಕರು. ಕಲ್ಲೇಶಪ್ಪ ನಗಲಿಲ್ಲ. "ಒಲೆ ದಿನಾ ಹಚ್ತೀವಿ. ಅದಕ್ಯಾಕೆ ಕಾಯಿ? ಆದ್ರೆ ಒಂದು ಮಾತು. ಒಲೆ ಹಚ್ಚಿದೋರು ಅಲ್ಲೇ ಕೂತು ಉರಿ ನೋಡ್ಕೋತಾರೆ. ನೀವು ಹಚ್ಚಿ ಮಹಡಿ ಹತ್ತಿಬಿಡ್ತೀರಿ."

ಹರಿಣಿಯ ಮುಖ ಕೆಂಪಾಯಿತು. ಆದರೂ ಹೇಳಿದಳು: "ಸರಿ, ಹತ್ತಲ್ಲ. ಒಂದೇ ಊರಿನ ಡೇರಿಗೆ ಹಾಕೋಣ. ಬೆಳಿಗ್ಗೆ ಹಾಲು ಬರೋ ಹೊತ್ತಿಗೆ ನಿಮ್ಮ ಪಕ್ಕದಲ್ಲೇ ಕೂತಿರ್ತೀನಿ."

ಬಾಗಿಲಲ್ಲಿ ನಿಂತಿದ್ದ ವಸುಂಧರಾ ತಲೆಯಾಡಿಸಿದರು. ಅಂದು ಕಾಯಿ ಒಡೆಯಲಿಲ್ಲ. ಕಲ್ಲೇಶಪ್ಪ ಮಾತ್ರ ಗುಂಡಿ ಒತ್ತುವ ಮೊದಲು ಒಮ್ಮೆ ಕಣ್ಣು ಮುಚ್ಚಿದರು.

ಮಾರನೆಯ ಬೆಳಿಗ್ಗೆ ಮೊದಲ ಚೀಟಿಯೇ ಬಿಳಿಯಾಗಿ ಬಂತು. ಒಂದಕ್ಷರವಿಲ್ಲ. ಡೇರಿಯವನು ಫೋನಿನಲ್ಲಿ ಕೂಗಾಡತೊಡಗಿದ. ಹರಿಣಿ ಕುರ್ಚಿಯಿಂದ ಎದ್ದು ನಿಂತಳು. ಇಷ್ಟು ವರ್ಷದ ಬೈಗುಳವನ್ನೆಲ್ಲ ತಿರುಗಿಸಿ ಕೊಡಲು ಕಲ್ಲೇಶಪ್ಪನವರಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅವರು ಅವಳ ಮುಖ ನೋಡಿದರು.

"ಮೊದಲು ಹಳೇದನ್ನ ವಾಪಸ್ ಹಾಕಮ್ಮ. ಆಮೇಲೆ ನೋಡೋಣ."

ಬದಲಾಗಿದ್ದುದು ಎರಡೇ ಸಾಲು. ವಾಪಸ್ ಹಾಕುವುದು ಸುಲಭವಾಯಿತು. ಎರಡನೆಯವರು ಕ್ಯಾನು ಬಗ್ಗಿಸುವಷ್ಟರಲ್ಲಿ ಚೀಟಿ ಬರತೊಡಗಿತು. ಹಾಲಿನ ಸಾಲು ನಿಲ್ಲಲಿಲ್ಲ.

"ಅಲ್ಲಿರೋದು ಹಳೇ ಪ್ರಿಂಟರ್" ಎಂದರು ಕಲ್ಲೇಶಪ್ಪ. "ದಪ್ಪ ಅಕ್ಷರ ಅದಕ್ಕೆ ಬರಲ್ಲ."

"ಅಂಥವು ಇನ್ನೂ ಇದಾವಾ ಸಾರ್?"

"ಅರ್ಧಕ್ಕರ್ಧ ಅವೇ."

"ನಮಗೆ ಯಾರೂ ಹೇಳಲೇ ಇಲ್ಲ."

"ನಮ್ಮನ್ನ ಯಾರೂ ಕೇಳಲೇ ಇಲ್ಲ."

ಅಷ್ಟರಲ್ಲಿ ಅಧ್ಯಕ್ಷರ ಫೋನ್ ಬಂತು. "ಯಾರ್ರೀ ಕೆಡಿಸಿದ್ದು? ಮೇಲಿನೋರೋ ಕೆಳಗಿನೋರೋ?"

"ನಾವೇ ಸಾರ್" ಎಂದರು ಕಲ್ಲೇಶಪ್ಪ. "ಸರಿನೂ ಮಾಡಿದ್ವಿ."

"ಸಾಲು ನಿಂತಿಲ್ಲ ತಾನೆ? ಹಾಗಾದ್ರೆ ಸರಿ ಬಿಡಿ" ಎಂದು ಅಧ್ಯಕ್ಷರು ಫೋನ್ ಇಟ್ಟರು.

ಅಂದೇ ಒಂದು ಹಳೇ ಪ್ರಿಂಟರ್ ಮೇಲಿನ ಮಹಡಿಗೆ ಹೋಯಿತು. ಧೂಳು ತಿನ್ನುತ್ತಿದ್ದ ಹೊಸ ಉಪಕರಣಗಳಿಗೂ ಕೆಲಸ ಸಿಕ್ಕಿತು. ಯಾವ ಬದಲಾವಣೆಯಾದರೂ ಮೊದಲು ಆ ಪ್ರಿಂಟರ್‌ನಲ್ಲಿ ತಾನಾಗಿ ಪರೀಕ್ಷೆಯಾಗಿ, ಒಂದು ಡೇರಿಗೆ ಹೋಗಿ, ಆಮೇಲೆ ಉಳಿದವಕ್ಕೆ. ಬರೆದವರು ಸರದಿಯಂತೆ ಬೆಳಿಗ್ಗೆ ಕೆಳಗೆ ಕೂತರು. ನಡೆಸುವವರು ಬರೆಯುವ ಮೊದಲೇ ಮೇಲೆ ಹೋಗಿ ಮಾತಾಡಿದರು. ತಪ್ಪುಗಳು ಆಗುತ್ತಲೇ ಇದ್ದವು. ಆದರೆ ಚಿಕ್ಕವು, ಕಾಫಿ ಆರುವುದರೊಳಗೆ ಸರಿಯಾಗುವಂಥವು. ಹಳೇ ಪ್ರಿಂಟರ್‌ಗೂ ಒಗ್ಗುವಂತೆ ತಿದ್ದಿದ ಮೇಲೆ ದಪ್ಪ ಅಂಕಿಯ ಚೀಟಿ ಎಲ್ಲ ಊರುಗಳಿಗೂ ಬಂತು. ಡೆವ್‌ಆಪ್ಸ್ ಕೋಣೆಯ ಬೋರ್ಡನ್ನು ಯಾರು ತೆಗೆದರೋ ಯಾರೂ ಗಮನಿಸಲಿಲ್ಲ.

ಒಂದು ದಿನ ಕ್ಯಾಂಟೀನಿನ ಪುಟ್ಟತಾಯಮ್ಮ ಕಲ್ಲೇಶಪ್ಪನವರನ್ನು ತಡೆದು ಕೇಳಿದಳು: "ಏನ್ ಸಾರ್, ಈಚೀಚೆಗೆ ನಿಮ್ಮ ಕಾಯೇ ಬರ್ತಿಲ್ಲ. ಚಟ್ನಿಗೆ ಏನು ಹಾಕ್ಲಿ?"

"ಆಯುಧಪೂಜೆಗೆ ತರ್ತೀನಿ ಕಣಮ್ಮ. ಅಲ್ಲೀವರೆಗೆ ಹುರಿಗಡಲೆಲಿ ಸುಧಾರಿಸು" ಎಂದು ಅವರು ನಗುತ್ತಾ ಮೇಲಿನ ಮಹಡಿ ಹತ್ತಿದರು.

ನೀತಿ: ಭಯದಿಂದ ಕೂಡಿಟ್ಟ ಬದಲಾವಣೆ ಹೊರೆಯಾಗುತ್ತದೆ, ದಿನವೂ ಸ್ವಲ್ಪ ಮಾಡಿದ್ದು ರೂಢಿಯಾಗುತ್ತದೆ. ಉಪಕರಣವನ್ನು ಕೊಳ್ಳಬಹುದು, ಬೋರ್ಡನ್ನು ಬರೆಸಬಹುದು. ಪಕ್ಕದಲ್ಲಿ ಕೂತು, ಕೆಟ್ಟಾಗ 'ನಾವೇ' ಎನ್ನುವುದನ್ನು ಮಾತ್ರ ಕಲಿತೇ ತೀರಬೇಕು. ಕಲಿತ ಸಂಸ್ಥೆಗೆ ನಾಳೆಯ ಬೆಳಗಿನ ಭಯವಿಲ್ಲ.