ಒಂದೇ ಒಂದು ಅವರೆಕಾಳು

ಹೊಳೆ ಬಳಸಿ ತಿರುಗುವ ಕಡೆ ಕೇದಾರಯ್ಯನವರ ಆಶ್ರಮವಿತ್ತು. ಆಶ್ರಮವೆಂದರೆ ದೊಡ್ಡದೇನಲ್ಲ. ಒಂದು ಜಗಲಿ, ಎರಡು ಕೋಣೆ, ಮೂರು ವೀಣೆ. ಒಂದು ಗುರುವಿನದು, ಒಂದು ವಾಮನನದು, ಒಂದು ಫಣಿರಾಜನದು.

ಫಣಿರಾಜ ಒಳ್ಳೆಯವನೇ. ಆದರೆ ಹಾಲು ಕೊಟ್ಟರೂ ಲೋಟದ ತಳ ನೋಡಿ ಕುಡಿಯುವ ಆಸಾಮಿ. ಗುರು ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಯಾಕೆ ನಗಲಿಲ್ಲ ಎಂದು ಅವನಿಗೆ ಅನುಮಾನ.

ಈ ಅನುಮಾನ ಶುರುವಾದದ್ದು ಅವನು ಬಂದ ಮೊದಲ ದಿನವೇ. ಅಂದು ಗುರು, "ತೋಡಿ ರಾಗದ ಗಾಂಧಾರ ನುಡಿಸು, ಅದೊಂದೇ ಸ್ವರ ಸಾಕು" ಎಂದಿದ್ದರು. ಅವನು ತಂತಿಯನ್ನು ಪಕ್ಕಕ್ಕೆ ಎಳೆದು ನುಡಿಸಿದ. ಗುರು ಅವನ ಮುಖ ನೋಡಲಿಲ್ಲ, ಕಣ್ಣು ಮುಚ್ಚಿ ಕೇಳಲೂ ಇಲ್ಲ. ತಂತಿಯನ್ನೇ ದಿಟ್ಟಿಸಿದರು. ಸಂಗೀತ ಕೇಳುವವರು ಹಾಗೆ ನೋಡುತ್ತಾರೆಯೇ?

ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ವೀಣೆಯ ತಂತಿಗಳು ಕುದುರೆ ಎನ್ನುವ ಪುಟ್ಟ ಮರದ ಪೀಠದ ಮೇಲೆ ಕೂರುತ್ತವೆ. ತಂತಿಗೂ ತಂತಿಗೂ ನಡುವೆ ಎಷ್ಟು ಸಂದು ಬಿಡಬೇಕು ಎಂಬುದನ್ನು ಗುರುವೇ ಗೊತ್ತುಮಾಡುತ್ತಿದ್ದರು. ಅಳತೆಗೆ ಕಾಳು. ಸಂದಿನಲ್ಲಿ ಕಾಳಿಟ್ಟು, ಅದು ಸಿಕ್ಕಿಕೊಳ್ಳದೆ, ಉದುರದೆ ನಿಂತರೆ ಅಲ್ಲಿ ಅರದಿಂದ ಗೀರು ಹಾಕಿ ತಂತಿ ಕೂರಿಸುವರು. ವರ್ಷಕ್ಕೊಮ್ಮೆ ತಂತಿ ಬದಲಿಸುವಾಗ ಮತ್ತೆ ಅಳೆದು ನೋಡುವರು.

ಹಿಂದಿನ ಎರಡು ವರ್ಷ ಆ ಹೊತ್ತಿಗೆ ಫಣಿರಾಜ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ. ಈ ವರ್ಷ ಕಂಬದ ಹಿಂದೆ ನಿಂತು ನೋಡಿದ.

ವಾಮನನ ವೀಣೆಗೆ ಗುರು ಚೀಲದಿಂದ ತೊಗರಿಕಾಳು ತೆಗೆದರು. ಫಣಿರಾಜನ ವೀಣೆ ಬಂದಾಗ ಚೀಲದ ತಳಕ್ಕೆ ಕೈಹಾಕಿ ತಡಕಾಡಿದರು. ಹೊರಬಂದದ್ದು ಒಂದೇ ಒಂದು ಅವರೆಕಾಳು. ಸುಕ್ಕು ಬಿದ್ದು ಕಪ್ಪಾದದ್ದು, ಸಾರಿಗೂ ಬಾರದ್ದು.

ಫಣಿರಾಜ ತನ್ನ ಬೆರಳುಗಳನ್ನೊಮ್ಮೆ ನೋಡಿಕೊಂಡ.

ವಾಮನ ಹೆಸರಿಗೆ ವಾಮನ, ಆಳು ಆರಡಿ. ಬೆರಳು ಒಂದೊಂದೂ ಬಾಳೆಹಣ್ಣಿನ ದಪ್ಪ. ಅವನಿಗೆ ತೊಗರಿಯ ಸಂದು! ಸಣಕಲು ಬೆರಳಿನ ತನಗೆ ಅವರೆಯ ಸಂದು! ಹೋದ ವರ್ಷ ತನ್ನ ಬೆರಳು ತಂತಿಯಿಂದ ತಂತಿಗೆ ಹಾರಲಾರದೆ ನಡುವೆ ಬಿದ್ದದ್ದು ಯಾಕೆಂದು ಈಗ ಗೊತ್ತಾಯಿತು.

ಹೋದ ವರ್ಷದ ಆ ಮಾತು ನೆನೆದರೆ ಅವನಿಗೆ ಇಂದಿಗೂ ಕಿವಿ ಬಿಸಿಯಾಗುತ್ತದೆ. ಗುರುವಿನ ಗುರುಗಳ ಆರಾಧನೆಯ ದಿನ ಶಿಷ್ಯರು ಹಿರಿಯರೆದುರು ನುಡಿಸಬೇಕು. ಗುರು "ಸರಿ" ಎಂದರೆ ಅವನು ವಿದ್ವಾಂಸ, ಪಾಠ ಹೇಳಬಹುದು. ಫಣಿರಾಜ ದ್ರುತದ ವೇಗದಲ್ಲಿ ನುಡಿಸುತ್ತಿದ್ದಾಗ ಗುರು ನಡುವೆಯೇ ಕೈ ಎತ್ತಿ ನಿಲ್ಲಿಸಿದ್ದರು. ವಾಮನನಿಗೆ "ಸರಿ" ಸಿಕ್ಕಿತ್ತು. ಅವನು ಗುರುಸೇವೆಗೆಂದು ಉಳಿದುಕೊಂಡಿದ್ದ.

ಈ ವರ್ಷದ ಆರಾಧನೆಗೆ ಎಂಟು ದಿನವಿತ್ತು. ಈ ಸಲವೂ ಆಗದಿದ್ದರೆ ವೀಣೆಗೆ ಕೈಮುಗಿದು ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂರುವುದೆಂದು ಫಣಿರಾಜ ನಿಶ್ಚಯಿಸಿದ್ದ. ಹರಿಗೋಲಿನವನಿಗೆ ಆರಾಧನೆಯ ಸಂಜೆ ಬಾ ಎಂದು ಗುಟ್ಟಾಗಿ ಹೇಳಿಯೂ ಇದ್ದ.

ಅವನು ನೇರವಾಗಿ ಗುರುವಿನ ಬಳಿ ಹೋದ.

"ಗುರುಗಳೇ, ನನ್ನ ವೀಣೆಗೆ ಮಾತ್ರ ಅವರೆ ಯಾಕೆ?"

"ಯಾಕಯ್ಯ, ಅವರೆ ಅಂದ್ರೆ ಆಗಲ್ವಾ ನಿಂಗೆ?"

"ತಮಾಷೆ ಬೇಡಿ ಗುರುಗಳೇ. ಸಂದು ಅಗಲವಾಯ್ತು. ಬೆರಳು ಓಡಲ್ಲ."

"ಓಡು ಅಂತ ಯಾರು ಹೇಳಿದ್ರು?" ಎಂದು ಗುರು ಎಲೆಗೆ ಸುಣ್ಣ ಹಚ್ಚಿಕೊಂಡರು.

ನೇರ ಉತ್ತರ ಕೊಡದವರ ಹೊಟ್ಟೆಯಲ್ಲಿ ಏನೋ ಇರಲೇಬೇಕು. ಮಾರನೆಯ ಬೆಳಿಗ್ಗೆ ಗುರು ಸ್ನಾನಕ್ಕೆ ಹೊಳೆಗೆ ಇಳಿದದ್ದೇ ತಡ, ಫಣಿರಾಜ ಜಗಲಿಯ ಮೇಲೆ ಬಿದ್ದಿದ್ದ ತೊಗರಿಕಾಳೊಂದನ್ನು ಹೆಕ್ಕಿ ಗುರುವಿನ ವೀಣೆಯ ಸಂದಿನಲ್ಲಿ ಇಟ್ಟು ನೋಡಿದ.

ಕಾಳು ಸರಿಯಾಗಿ ನಿಂತಿತು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಗುರುವಿಗೂ ತೊಗರಿ, ವಾಮನನಿಗೂ ತೊಗರಿ. ತಮಗೆ ಸಲೀಸು, ಬೇಕಾದವನಿಗೆ ಸಲೀಸು. ತಾನೊಬ್ಬ ಮೇಲೆ ಬರಬಾರದು, ಅಷ್ಟೇ.

ವಾಮನನಿಗೆ ಹೇಳಿದ. ವಾಮನ ಸೌದೆ ಒಡೆಯುತ್ತಿದ್ದವನು ಕೊಡಲಿ ಕೆಳಗಿಟ್ಟು ನಕ್ಕ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೋಗೋ ಹೋಗು, ಸಾಧನೆ ಮಾಡು."

"ಹಾಗಾದ್ರೆ ನಿನ್ನ ವೀಣೆ ಕೊಡು, ನನ್ನದು ನೀನಿಟ್ಟುಕೋ."

"ನನ್ನದೇನು ಅಭ್ಯಂತರ? ಗುರುಗಳನ್ನ ಕೇಳು."

ಗುರು ತಲೆ ಎತ್ತದೆಯೇ, "ಧಾರಾಳವಾಗಿ ಬದಲಾಯಿಸ್ಕೊಳ್ಳಿ" ಎಂದರು.

ಫಣಿರಾಜ ಎರಡು ಹೆಜ್ಜೆ ಹೋದವನು ನಿಂತ. ಇಷ್ಟು ಬೇಗ ಒಪ್ಪಿದರೇ? ಹಾಗಾದರೆ ವಾಮನನ ವೀಣೆಯಲ್ಲೇ ಏನೋ ಐಬಿರಬೇಕು.

"ಬೇಡ ಗುರುಗಳೇ. ನನ್ನದರಲ್ಲೇ ಸಂದು ಕಿರಿದು ಮಾಡಿಕೊಡಿ."

"ನಾನು ಮಾಡಲ್ಲ. ನೀನೇ ಮಾಡ್ಕೋ." ಗುರು ಅರವನ್ನೂ ಕಾಳಿನ ಚೀಲವನ್ನೂ ಅವನ ಮುಂದೆ ಇಟ್ಟರು. "ಹಳೇ ಗೀರು ಮಾತ್ರ ಮುಚ್ಚಬೇಡ."

ಫಣಿರಾಜ ಅರವನ್ನು ತಿರುಗಿಸಿ ನೋಡಿದ, ಮೊಂಡಾಗಿದೆಯೇ ಎಂದು. ಇರಲಿಲ್ಲ. ತೊಗರಿಕಾಳುಗಳನ್ನು ಅಂಗೈಯಲ್ಲಿ ಸುರಿದುಕೊಂಡು, ದೊಡ್ಡದೇ ಬರಲಿ ಎಂದು ಆರಿಸಿಟ್ಟಿದ್ದಾರೆಯೇ ಎಂದು ಒಂದೊಂದಾಗಿ ಪರೀಕ್ಷಿಸಿದ. ಎಲ್ಲ ಸಾಮಾನ್ಯ ತೊಗರಿ. ಇದೂ ಅವನಿಗೆ ಅನುಮಾನವೇ.

ಮಧ್ಯಾಹ್ನದ ಹೊತ್ತಿಗೆ ತಂತಿ ಸಡಿಲಿಸಿ, ಎರಡೂ ತುದಿಯಲ್ಲಿ ಹೊಸ ಗೀರು ಹಾಕಿ, ಮತ್ತೆ ಬಿಗಿದು ಶ್ರುತಿ ಮಾಡಿದ. ನುಡಿಸಿದ.

ಬೆರಳು ಬೆಣ್ಣೆಯ ಮೇಲೆ ಓಡಿದ ಹಾಗೆ ಓಡಿತು! ವರ್ಷವಿಡೀ ತಡವರಿಸಿದ ಕಡೆಯೆಲ್ಲ ಈಗ ಸರಾಗ. ಅವನಿಗೆ ಅಳುವೇ ಬಂತು. ಮೂರು ವರ್ಷ ತನ್ನನ್ನು ಕಟ್ಟಿಹಾಕಿದ್ದರಲ್ಲ!

ಐದು ದಿನ ಅವನು ವೀಣೆ ಬಿಟ್ಟು ಏಳಲಿಲ್ಲ. ವಾಮನ ಬಾಗಿಲಲ್ಲಿ ನಿಂತು, "ಈಗ ಥೇಟು ನನ್ನ ಹಾಗೇ ನುಡಿಸ್ತೀಯ ಕಣೋ" ಎಂದ. ಹೊಗಳಿಕೆಯೋ ಕುಹಕವೋ ಫಣಿರಾಜನಿಗೆ ತಿಳಿಯಲಿಲ್ಲ.

ಆರಾಧನೆಯ ಹಿಂದಿನ ದಿನ ಬೆಳಿಗ್ಗೆ ಗುರು ಕರೆದರು. ಅವನು ವೀಣೆ ತೊಡೆಗೇರಿಸಿ, ದ್ರುತದಲ್ಲಿ ಹಿಡಿದದ್ದು ಬಿಡದೆ ನುಡಿಸಿದ. ಒಂದು ಬೆರಳೂ ತಪ್ಪಲಿಲ್ಲ.

"ಚೆನ್ನಾಗಿ ಓಡ್ತು" ಎಂದರು ಗುರು. "ಈಗ ತೋಡಿಯ ಗಾಂಧಾರ. ಅದೊಂದೇ ಸಾಕು."

ಫಣಿರಾಜ ತಂತಿ ಮೀಟಿ ಎಳೆದ.

ಕರ್ ಎಂದಿತು. ಎಳೆದ ತಂತಿ ಪಕ್ಕದ ತಂತಿಗೆ ಹೋಗಿ ಬಡಿದಿತ್ತು.

ಮತ್ತೆ ಎಳೆದ. ಮತ್ತೆ ಕರ್.

ಬಡಿಯದ ಹಾಗೆ ಸ್ವಲ್ಪವೇ ಎಳೆದ. ಸದ್ದು ಶುದ್ಧವಾಗಿ ಬಂತು, ಸ್ವರ ಮಾತ್ರ ಬರಲಿಲ್ಲ. ಯಾರೋ ಬಾಗಿಲವರೆಗೆ ಬಂದು ಒಳಗೆ ಬಾರದೆ ಹೋದಂತಾಯಿತು.

ಹುಟ್ಟೂರಿನಲ್ಲಿ ಗುರುವಿಲ್ಲದೆ ಕಲಿತಾಗ ಅವನದೆಂದು ಇದ್ದದ್ದು ಅದೊಂದೇ ಸ್ವರ. ಅದನ್ನು ನಂಬಿಕೊಂಡೇ ಅವನು ಹೊಳೆ ದಾಟಿ ಬಂದಿದ್ದ. ಐದು ದಿನ ಅದನ್ನು ಒಮ್ಮೆಯೂ ನುಡಿಸಿರಲಿಲ್ಲ ಎಂಬುದು ಈಗ ನೆನಪಾಯಿತು.

"ಸಂದು ಬೆರಳಿನ ದಪ್ಪಕ್ಕಲ್ಲ..." ಎಂದ ಮೆಲ್ಲಗೆ.

ತಂತಿಯನ್ನು ಇನ್ನೊಮ್ಮೆ ಎಳೆದು ನೋಡಿದ.

"ಎಳೆತಕ್ಕೆ. ವಾಮನ ಎಳೆಯೋದು ಕಡಿಮೆ. ಅದಕ್ಕೇ ಅವನಿಗೆ ತೊಗರಿ ಸಾಕು." ಅವನು ಗುರುವಿನತ್ತ ತಿರುಗಿದ. "ಮೊದಲೇ ಯಾಕೆ ಹೇಳಲಿಲ್ಲ ಗುರುಗಳೇ?"

"ಹೇಳಿದ್ರೆ ನಂಬ್ತಿದ್ಯಾ?"

ಫಣಿರಾಜ ತಲೆ ತಗ್ಗಿಸಿದ. ನಂಬುತ್ತಿರಲಿಲ್ಲ.

"ಹೋದ ವರ್ಷ ತಾವು ಕೈ ಎತ್ತಿ ನಿಲ್ಲಿಸಿದ್ದು..."

"ಬೆರಳು ತಪ್ಪಿದ್ದಕ್ಕಲ್ಲ ಕಣಯ್ಯ. ಅರ್ಧ ಗಂಟೆ ತೋಡಿ ನುಡಿಸಿದೆ, ಗಾಂಧಾರದ ಹತ್ತಿರ ಒಂದು ಸಲಾನೂ ನಿಲ್ಲಲಿಲ್ಲ. ವಾಮನ ಓಡ್ತಾನೆ ಅಂತ ನೀನೂ ಓಡಿದೆ."

ಗುರು ಎದ್ದು ಚೀಲ ತಂದು ಅವನ ಮುಂದಿಟ್ಟರು. ಫಣಿರಾಜ ತಳದವರೆಗೆ ಕೈಹಾಕಿ ಆ ಕಪ್ಪು ಅವರೆಕಾಳನ್ನು ಹುಡುಕಿ ತೆಗೆದ. ತಂತಿ ಸಡಿಲಿಸಿ ಹಳೆಯ ಗೀರುಗಳಿಗೆ ಮರಳಿಸಿದ. ಕಾಳಿಟ್ಟು ನೋಡಿದ. ನಿಂತಿತು. ಶ್ರುತಿ ಮಾಡಿ ಗಾಂಧಾರ ನುಡಿಸಿದ.

ತಂತಿ ಪಕ್ಕದ ತಂತಿಯ ಅಂಚಿನವರೆಗೆ ಹೋಗಿ, ಮುಟ್ಟದೆ, ಅಲ್ಲೇ ತೂಗಿ, ಹಿಂದಿರುಗಿತು. ಹೊಳೆಯ ಕಡೆಯಿಂದ ಕೊಡ ಹೊತ್ತು ಬರುತ್ತಿದ್ದ ವಾಮನ ಅಂಗಳದಲ್ಲೇ ನಿಂತುಬಿಟ್ಟ.

"ನಾಳೆ ದ್ರುತದಲ್ಲಿ ಬೆರಳು ಮತ್ತೆ ಸಂದಿಗೆ ಬಿದ್ದರೆ?" ಎಂದು ಫಣಿರಾಜ ಕೇಳಿದ.

"ಬೀಳುತ್ತೆ. ಬಿದ್ದ ಮೇಲೆ ಎದ್ದು ನುಡಿಸು. ಹರಿಗೋಲಿನವನಿಗೆ ಮಾತ್ರ ಬರಬೇಡ ಅಂತ ಹೇಳಿ ಬಾ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಫಣಿರಾಜ ಮುಖ ಸಣ್ಣ ಮಾಡಿಕೊಂಡ. ಇನ್ನು ಬಚ್ಚಿಟ್ಟು ಪ್ರಯೋಜನವಿಲ್ಲ.

"ಇನ್ನೊಂದು ತಪ್ಪು ಮಾಡಿದೀನಿ ಗುರುಗಳೇ. ತಾವು ಸ್ನಾನಕ್ಕೆ ಹೋದಾಗ ತಮ್ಮ ವೀಣೆ ಅಳೆದೆ."

"ಗೊತ್ತು. ಕಾಳು ನೀನು ಅಲ್ಲೇ ಬಿಟ್ಟು ಹೋಗಿದ್ದೆ."

ಫಣಿರಾಜ ಎದ್ದು ನಮಸ್ಕರಿಸಿದ. ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಬಾಗಿಲವರೆಗೆ ಹೋದವನು ತಿರುಗಿ ನಿಂತ.

"ಚೀಲದ ತುಂಬ ತೊಗರಿ. ಅವರೆ ಮಾತ್ರ ಒಂದೇ, ಅದೂ ಇಷ್ಟು ಹಳೆಯದು. ಯಾಕೆ?"

ಕೇದಾರಯ್ಯನವರು ಆ ಕಪ್ಪು ಕಾಳನ್ನು ಅವನ ಕೈಯಿಂದ ತೆಗೆದುಕೊಂಡು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಅವನ ಅಂಗೈಯಲ್ಲೇ ಇಟ್ಟು ಬೆರಳು ಮಡಿಸಿದರು.

"ಅದು ನನ್ನ ಗುರುಗಳ ವೀಣೆಯ ಕಾಳು ಕಣಯ್ಯ. ಅಷ್ಟು ಎಳೆಯಲಾರದ ನನ್ನ ಕೈಗೆ ಅದು ಒಂದು ದಿನವೂ ಬೇಕಾಗಲಿಲ್ಲ."