ಹೆಸರು ಬದಲಿಸಲಾಗಿದೆ

"ಅಜ್ಜಿ, ಈ ಕಾಲಕ್ಕೆ ಹೊಸದು ಅನ್ನಿಸುವ ವಿಷಯ ಯಾವುದು? ಯಾವುದನ್ನು ಹಿಡಿದು ಹೊರಟರೆ ನನ್ನ ಸಂಶೋಧನೆ ನಾಲ್ಕು ಜನರ ಮುಂದೆ ನಿಲ್ಲುತ್ತದೆ?"

ಕೇಳಿದವಳು ಸಿಂಚನ. ಪಿಎಚ್‌ಡಿಗೆ ಸೇರಿ ವರ್ಷವಾಗುತ್ತ ಬಂದಿತ್ತು, ವಿಷಯ ಮಾತ್ರ ಇನ್ನೂ ಪಕ್ಕಾ ಆಗಿರಲಿಲ್ಲ. ಜಾತಿ, ಭೂಮಿ, ಭಕ್ತಿ ಎಲ್ಲವನ್ನೂ ಹಳಬರು ಉಜ್ಜಿ ಉಜ್ಜಿ ಸವೆಸಿದ್ದಾರೆ, ಹೊಸ ದಿಕ್ಕು ಹುಡುಕಿಕೊಂಡು ಬಾ ಎಂದು ಅವಳ ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರು. ಜೊತೆಯವರಲ್ಲಿ ಒಬ್ಬ ಊಟದ ಚರಿತ್ರೆ ಹಿಡಿದಿದ್ದ, ಇನ್ನೊಬ್ಬಳು ಮೊಬೈಲು ಬಂದ ಮೇಲಿನ ದಾಂಪತ್ಯ ಹಿಡಿದಿದ್ದಳು. ಬರುವ ವಾರ ಸಮಿತಿಯ ಮುಂದೆ ಇವಳು ಬಾಯಿ ಬಿಡದಿದ್ದರೆ ಸೀಟು ಹೋಗುತ್ತಿತ್ತು.

ಕೇಳಿಸಿಕೊಂಡವಳು ಚಿಕ್ಕತಾಯಮ್ಮ. ಹುಡುಗಿಯರಿಗೆ ಸೋಬಾನೆ ಪದ ಹೇಳಿಕೊಡುವ ಮುದುಕಿ. ಮೂರನೇ ಕ್ಲಾಸಿಗೇ ಸ್ಲೇಟು ಎತ್ತಿಟ್ಟವಳು. ಆದರೆ ಯಾರ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ, ಯಾಕೆ ಸೀಯುತ್ತಿದೆ ಎಂಬುದು ಅವಳಿಗೆ ತಿಳಿಯದೆ ಇರುತ್ತಿರಲಿಲ್ಲ. ಪದ ಕಲಿಯಲು ಬಂದವರು ಪದದ ಜೊತೆಗೆ ಅದನ್ನೂ ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದರು.

ಪ್ರಶ್ನೆ ಕೇಳಿದ್ದೇ ಮುದುಕಿ ಎದ್ದು ಹೋಗಿ ಬೀದಿ ಬಾಗಿಲು ಮುಂದೆ ಮಾಡಿ ಬಂದಳು. ದನಿ ತಗ್ಗಿಸಿದಳು.

"ಮೊದಲು ಆ ಫೋನಿನ ಬಾಯಿ ಮುಚ್ಚಿಸು, ಕೂಸೇ. ಈಗ ಹೇಳುವುದು ನಿನ್ನ ಕಿವಿಗೆ ಮಾತ್ರ. ಹಾಸ್ಟೆಲಿನ ಗೆಳತಿಗೂ ಬೇಡ, ಹೆತ್ತ ತಾಯಿಗೂ ಬೇಡ. ಎಲ್ಲಾದರೂ ಉಸುರಿದೆಯೋ, ಈ ಹೊಸ್ತಿಲು ನಿನಗಿಲ್ಲ. ಇಡು ಆಣೆ, ನನ್ನ ತಲೆ ಮುಟ್ಟಿ."

ಸಿಂಚನ ಫೋನು ಆರಿಸಿದಳು. ಆಣೆ ಇಟ್ಟಳು. ಚಿಕ್ಕತಾಯಮ್ಮ ಗೋಡೆಗೆ ಒರಗಿ ಕತೆ ಶುರುಮಾಡಿದಳು.

ಒಂದು ಊರಿನಲ್ಲಿ ಒಬ್ಬ ಸಂಶೋಧಕಿ ಇದ್ದಳು. ನಿನ್ನ ಹಾಗೆಯೇ ಓದಿನಲ್ಲಿ ಚುರುಕು, ನಿನ್ನ ಹಾಗೆಯೇ ಆತುರ. ಅವಳೂ ತನ್ನ ಗುರುಗಳನ್ನು ಹೊಸ ವಿಷಯ ಕೇಳಿದಳು. ಯಾರೂ ಕಾಲಿಡದ ಕಡೆ ಕಾಲಿಡು ಎಂದರು ಅವರು. ಅವಳು ಹುಡುಕಿ ಹುಡುಕಿ ಊದುಬತ್ತಿ ಹೊಸೆಯುವ ಹೆಂಗಸರ ಬೀದಿಗೆ ಬಂದಳು. ಆ ಹೆಂಗಸರ ಕೂಲಿಯ ಮೇಲೆ ಯಾರೋ ಬರೆದಾಗಿತ್ತು. ಕೆಮ್ಮಿನ ಮೇಲೂ ಬರೆದಾಗಿತ್ತು. ಹೊಸೆಯುತ್ತ ಹೊಸೆಯುತ್ತ ಅವರು ಆಡುವ ಮಾತಿನ ಮೇಲೆ ಮಾತ್ರ ಯಾರೂ ಬರೆದಿರಲಿಲ್ಲ. ಹೆಂಗಸರ ಹರಟೆಯೂ ಒಂದು ಚರಿತ್ರೆಯೇ ಎಂದು ಇವಳು ಹೇಳಿದಾಗ ಗುರುಗಳು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರಂತೆ. ನಾವು ಇಷ್ಟು ವರ್ಷ ಬಾಯಿ ನೋಯಿಸಿಕೊಂಡಿದ್ದಕ್ಕೆ ಅವತ್ತು ಬೆಲೆ ಬಂತು ನೋಡು.

ಆ ಬೀದಿಯಲ್ಲೇ ಅವಳು ರೂಮು ಮಾಡಿದಳು. ಪಕ್ಕದ ಮನೆಯಲ್ಲಿ ಒಬ್ಬ ಹೆಂಗಸು, ಅವಳಿಗೊಂದು ಹೆಣ್ಣು ಮಗು. ಗಂಡ ಸತ್ತವಳು ಎಂದು ಬೀದಿಗೆಲ್ಲ ಗೊತ್ತು. ಅವಳು ಈ ಹುಡುಗಿಯನ್ನು ತಂಗಿ ಎಂದೇ ಕರೆದಳು. ಜ್ವರ ಬಂದರೆ ಗಂಜಿ ಕಾಯಿಸಿ ಕೊಟ್ಟಳು. ಭಾನುವಾರ ತಲೆಗೆ ಎಣ್ಣೆ ತಿಕ್ಕಿದಳು. ಹುಡುಗಿ ಮಣೆಯ ಮುಂದೆ ಕೂತು ಹೊಸೆಯಲು ಹೋಗಿ ಕಡ್ಡಿ ಮುರಿದಾಗಲೆಲ್ಲ, ನಿನಗೆ ಗಂಡ ಸಿಕ್ಕಿದರೂ ಊದುಬತ್ತಿ ಹೊಸೆಯುವವನೇ ಸಿಗಲಿ ಎಂದು ರೇಗಿಸಿದಳು.

ಒಂದು ಮಧ್ಯಾಹ್ನ ಮಿಕ್ಕವರೆಲ್ಲ ಮಾಲು ಕೊಡಲು ಹೋಗಿದ್ದರು. ಮಣೆಯ ಮುಂದೆ ಇವರಿಬ್ಬರೇ. ಆಗ ಆ ಹೆಂಗಸು, ಗಂಡ ಸತ್ತಿಲ್ಲ ಎಂದಳು. ಅವನ ಊರು ಯಾವ ಕಡೆ, ಅವನ ಕಸುಬೇನು, ಅವನು ಏನೇನು ಮಾಡಿದ, ಬೆಳಗಾಗುವ ಮೊದಲೇ ಮಗುವನ್ನು ಎತ್ತಿಕೊಂಡು ತಾನು ಹೇಗೆ ಬಸ್ಸು ಹತ್ತಿದ್ದು, ಎಲ್ಲ ಹೇಳಿದಳು. ಈ ಬೀದಿ ಅವನಿಗೆ ಗೊತ್ತಾದರೆ ತನ್ನನ್ನು ಉಳಿಸುವುದಿಲ್ಲ ಎಂದೂ ಹೇಳಿದಳು. ಹೇಳುವಾಗ ಕೈ ಒಂದು ಸಲವೂ ನಿಲ್ಲಲಿಲ್ಲವಂತೆ.

ಬರೆಯಬೇಡ ಎಂದು ಅವಳು ಹೇಳಲಿಲ್ಲ. ಅಂಥ ಮಾತಿಗೆ ಅದನ್ನು ಬೇರೆ ಹೇಳಬೇಕೇ?

ಹುಡುಗಿ ಬರೆದಳು. ಗುರುಗಳು ಓದಿದರು. ನಿನ್ನ ಕೆಲಸದ ಜೀವ ಇರುವುದೇ ಇಲ್ಲಿ ಎಂದರು. ಆದರೆ ಈ ಹೆಂಗಸು ಕಣ್ಣಿಗೆ ಕಾಣುತ್ತಿಲ್ಲ, ಎಲ್ಲಿ ಕೂರುತ್ತಾಳೆ, ಹೇಗೆ ಹೊಸೆಯುತ್ತಾಳೆ, ತುಂಬು, ಇಲ್ಲದಿದ್ದರೆ ನೀನೇ ಕಟ್ಟಿದ ಕತೆ ಅನ್ನುತ್ತಾರೆ ಎಂದರು. ಹುಡುಗಿ ತುಂಬಿದಳು. ಆ ಹೆಂಗಸಿನ ಕೈಕೆಲಸದಲ್ಲಿ ಒಂದು ಗುರುತಿತ್ತು, ಬೀದಿಯಲ್ಲಿ ಇನ್ನೊಬ್ಬರಿಗೆ ಇಲ್ಲದ್ದು. ಅದನ್ನೂ ಬರೆದಳು. ಆಮೇಲೆ ಹೆಸರು ಮಾತ್ರ ತೆಗೆದು ಬೇರೊಂದು ಹೆಸರಿಟ್ಟು, ಪಕ್ಕದಲ್ಲಿ 'ಹೆಸರು ಬದಲಿಸಲಾಗಿದೆ' ಎಂದು ಹಾಕಿದಳು. ಅವರ ಓದಿನ ಕಾಯಿದೆ ಅದು. ಕಾಯಿದೆ ಮುಗಿಸಿ ಹುಡುಗಿ ನೆಮ್ಮದಿಯಾಗಿ ಮಲಗಿದಳು.

"ಏನು ಗುರುತು, ಅಜ್ಜಿ?" ಎಂದಳು ಸಿಂಚನ.

"ಅದು ನನ್ನ ಜೊತೆ ಮಣ್ಣಿಗೆ ಹೋಗುತ್ತದೆ. ಮುಂದಕ್ಕೆ ಕೇಳು."

ವೈವಾ ಬಂತು. ಅದು ನಾಲ್ಕು ಗೋಡೆಯ ನಡುವಿನ ಪರೀಕ್ಷೆಯಲ್ಲ, ನಿನಗೆ ಗೊತ್ತಲ್ಲ. ಯಾರು ಬೇಕಾದರೂ ಬಂದು ಕೂರಬಹುದು. ಮನೆಯವರು ಬರುತ್ತಾರೆ, ಕೇಸರಿಬಾತು ಉಪ್ಪಿಟ್ಟು ಇರುತ್ತದೆ, ಮದುವೆಯೇ ಅನ್ನು. ಹುಡುಗಿ ಬೀದಿಯ ಮನೆಮನೆಗೂ ಹೋಗಿ ಕರೆದಳು. ನಿಮ್ಮಿಂದಲೇ ನನಗೆ ಇದು, ನೀವಿಲ್ಲದೆ ಹೇಗೆ ಎಂದಳು. ಅವಳಿಗೆ ಅವರ ಮೇಲೆ ಪ್ರೀತಿ ಇತ್ತು, ಸುಳ್ಳು ಯಾಕೆ ಹೇಳಲಿ. ಅವತ್ತು ಬೆಳಗ್ಗೆ ಅವಳ ಸೀರೆಗೆ ಇಸ್ತ್ರಿ ಹಾಕಿ, ನೆರಿಗೆ ಹಿಡಿದು ಉಡಿಸಿದವಳೂ ಪಕ್ಕದ ಮನೆಯವಳೇ.

ಬೀದಿಗೆ ಬೀದಿಯೇ ಹೋಯಿತು. ಎಷ್ಟು ತಿಕ್ಕಿದರೂ ಹೋಗದ ಮಸಿಯ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎರಡನೇ ಸಾಲಿನಲ್ಲಿ ಕೂತರು. ಪಕ್ಕದ ಮನೆಯವಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

ಹುಡುಗಿ ಶುರುಮಾಡಿದಳು. ಬೀದಿ ಹುಟ್ಟಿದ ಬಗೆ ಹೇಳಿದಳು, ಕೂಲಿ ಹೇಳಿದಳು. ಹೆಂಗಸರು ಹೌದು ಹೌದು ಎಂದು ತಲೆ ಆಡಿಸಿದರು. ಐದನೇ ಅಧ್ಯಾಯಕ್ಕೆ ಬಂದಾಗ ತಲೆ ಎತ್ತಿ ಎರಡನೇ ಸಾಲು ನೋಡಿದಳು.

ಆಗ ಹೊಳೆಯಿತು. ತಾನು ಬರೆದದ್ದೆಲ್ಲ ಆ ಬೀದಿಯನ್ನು ಎಂದೂ ನೋಡದವರಿಗಾಗಿ ಬರೆದದ್ದು. ನೋಡದವರಿಗೆ ಅದು ಯಾರೋ ಒಬ್ಬ ಹೆಂಗಸು. ಎದುರಿಗೆ ಕೂತವರಿಗೆ ಅವಳ ಗುರುತು ಹಿಡಿಯಲು ಹೆಸರೇ ಬೇಕಾಗಿರಲಿಲ್ಲ.

ಅಷ್ಟನ್ನೂ ಹಾರಿಸಿ ಆರನೇ ಅಧ್ಯಾಯಕ್ಕೆ ಹೋದಳು.

ಹೊರಗಿನಿಂದ ಬಂದ ಪರೀಕ್ಷಕರು ಬಿಡಲಿಲ್ಲ. ನಿಮ್ಮ ಪ್ರಬಂಧದಲ್ಲಿ ಹೊಸದು ಅಂತ ಇರುವುದೇ ಅದು, ಅದನ್ನೇ ಬಿಟ್ಟರೆ ಹೇಗೆ ಎಂದರು. ಸಮಯ ಸಾಲದು ಎಂದಳು. ಸಮಯ ನಾವು ಕೊಡುತ್ತೇವೆ, ಓದಿ ಎಂದರು. ಅವಳು ಗುರುಗಳ ಕಡೆ ನೋಡಿದಳು. ಗುರುಗಳ ಕಣ್ಣು ಕೆಂಪಗಾಗಿತ್ತು. ಇದನ್ನು ಇಲ್ಲಿ ಓದಲಾರೆ ಅನ್ನಬಹುದಾಗಿತ್ತು. ಅನ್ನಲು ಬಾಯಿ ತೆರೆದಳು ಕೂಡ. ಇಷ್ಟು ವರ್ಷದ ದುಡಿಮೆ, ಪದವಿ, ಅದರ ಹಿಂದೆಯೇ ಕಾದಿದ್ದ ಕೆಲಸ, ಎಲ್ಲ ಆ ತೆರೆದ ಬಾಯಿಯ ಮೇಲೆ ನಿಂತಿತ್ತು.

ಓದಿದಳು.

ಪಿಸುದನಿಯಲ್ಲಿ ಓದಿದಳು. ಪರೀಕ್ಷಕರು, ಮೈಕು ಹತ್ತಿರ ಮಾಡಿಕೊಳ್ಳಿ ಎಂದರು. ಹತ್ತಿರ ಮಾಡಿಕೊಂಡು ಓದಿದಳು. ಹೆಸರು ಬದಲಿಸಲಾಗಿದೆ ಎಂಬುದನ್ನೂ ಓದಿದಳು. ಗುರುತಿನ ಮಾತು ಬಂತು. ಎರಡನೇ ಸಾಲಿನಲ್ಲಿ ಒಂದು ತಲೆ ತಿರುಗಿತು. ಗಂಡ ಬದುಕಿದ್ದಾನೆ ಎಂಬ ಮಾತು ಬಂತು. ಸಾಲಿಗೆ ಸಾಲೇ ತಿರುಗಿತು. ಪಕ್ಕದ ಮನೆಯವಳು ಯಾರ ಕಡೆಗೂ ನೋಡಲಿಲ್ಲ. ಮಗುವಿನ ತಲೆಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕಿವಿಗೆ ಅಂಗೈ ಮುಚ್ಚಿದಳು.

ಓದು ಮುಗಿಯಿತು. ಸಭೆಯಲ್ಲಿ ಯಾರಾದರೂ ಪ್ರಶ್ನೆ ಕೇಳಬಹುದು ಎಂದರು ಪರೀಕ್ಷಕರು. ಅದೂ ಅವರ ಕಾಯಿದೆ. ಪಕ್ಕದ ಮನೆಯವಳು ಮಗುವನ್ನು ಎತ್ತಿಕೊಂಡು ಎದ್ದು ನಿಂತಳು. ಅವಳು ಕೇಳಿದ್ದು ಒಂದೇ ಪ್ರಶ್ನೆ. ಮೈಕಿನಲ್ಲಿ ಹುಡುಗಿಯ ಉಸಿರು ಮಾತ್ರ ಕೇಳುತ್ತಿತ್ತು. ಇದು ಪ್ರಬಂಧಕ್ಕೆ ಸಂಬಂಧಪಟ್ಟ ಪ್ರಶ್ನೆಯಲ್ಲ, ಉತ್ತರ ಬೇಕಿಲ್ಲ ಎಂದು ಪರೀಕ್ಷಕರು ತಳ್ಳಿಹಾಕಿದರು. ಸ್ವಲ್ಪ ಹೊತ್ತಿಗೆ ಇವರು ಇನ್ನು ಮುಂದೆ ಡಾಕ್ಟರ್ ಎಂದು ಸಾರಿದರು. ಮುಂದಿನ ಸಾಲು ಚಪ್ಪಾಳೆ ತಟ್ಟಿತು. ಎರಡನೇ ಸಾಲಿನ ಕೈಗಳು ಸೆರಗಿನೊಳಗೇ ಇದ್ದವು. ಉಪ್ಪಿಟ್ಟು ಮಾತ್ರ ಚೆನ್ನಾಗಿತ್ತಂತೆ, ತಿಂದವರು ಹೇಳಿದರು.

ಹುಡುಗಿ ಹಾರ ಹಾಕಿಕೊಂಡು ಬೀದಿಗೆ ಬರುವ ಹೊತ್ತಿಗೆ ಪಕ್ಕದ ಮನೆಗೆ ಬೀಗ ಬಿದ್ದಿತ್ತು. ಬೆಳಗ್ಗೆ ಹೊಸೆದಿಟ್ಟ ಊದುಬತ್ತಿ ಜಗಲಿಯ ಮೇಲೆ ಇನ್ನೂ ಹಸಿಯಾಗಿಯೇ ಇತ್ತು. ಬೀದಿಯವರೇ ಅದನ್ನು ಒಣಗಿಸಿ ಕಟ್ಟು ಕಟ್ಟಿದರು. ಎಲ್ಲಿಗೆ ಹೋದಳು ಎಂದು ಹುಡುಗಿ ಮನೆಮನೆಗೂ ಹೋಗಿ ಕೇಳಿದಳು. ಅಷ್ಟು ವರ್ಷ ಅವಳ ಮುಂದೆ ಎಡೆಬಿಡದೆ ಮಾತಾಡಿದ ಬೀದಿ ಅವತ್ತು ಬಾಯಿ ಬಿಡಲಿಲ್ಲ. ನನ್ನನ್ನೂ ಕೇಳಬೇಡ. ಗೊತ್ತಿದ್ದರೂ ಹೇಳುವವಳಲ್ಲ.

ಚಿಕ್ಕತಾಯಮ್ಮ ಎದ್ದು ಹೋಗಿ ಬಾಗಿಲ ಸಂದಿಯಲ್ಲಿ ಹೊರಗೆ ಇಣುಕಿ ನೋಡಿ ಬಂದು ಕೂತಳು. ಮತ್ತೆ ದನಿ ಇಳಿಸಿದಳು.

"ಆ ಹುಡುಗಿ ಈಗ ದೊಡ್ಡವಳು. ಅವಳ ಕೈಕೆಳಗೆ ಎಷ್ಟೋ ಮಕ್ಕಳು ಓದುತ್ತಾರೆ. ಆದರೆ ಅವಳ ರೂಮಿನಲ್ಲಿ ಯಾರೂ ಊದುಬತ್ತಿ ಹಚ್ಚುವ ಹಾಗಿಲ್ಲ. ಆಯುಧಪೂಜೆಯ ದಿನ ಜವಾನ ತಿಳಿಯದೆ ಹಚ್ಚಿಬಿಟ್ಟ. ಅದು ಉರಿದು ಬೂದಿಯಾಗುವವರೆಗೂ ಅವಳು ವರಾಂಡದಲ್ಲೇ ನಿಂತಿದ್ದಳಂತೆ."

ಹೋದ ಆಯುಧಪೂಜೆಯ ದಿನ ವರಾಂಡಕ್ಕೆ ಕುರ್ಚಿ ತಂದು ಹಾಕಿದವಳು ಸಿಂಚನಳೇ. ಕುರ್ಚಿ ಹಾಕಿದರೂ ಅವರು ಕೂತಿರಲಿಲ್ಲ.

"ಅಜ್ಜಿ, ಅಂದರೆ ನಮ್ಮ ಮೇಡಂ..."

"ನಾನು ಹೆಸರು ಹೇಳಿದೆನೇನೇ?"

ಸಿಂಚನ ತಲೆ ತಗ್ಗಿಸಿದಳು. ಆರಿಸಿದ ಫೋನನ್ನು ಅಂಗೈಯಲ್ಲಿ ಮಗುಚಿ ಹಾಕಿದಳು. ಬರುವ ವಾರದ ಸಮಿತಿಯ ಮುಂದೆ ಇಡಲು ಅವಳ ಮನಸ್ಸಿನಲ್ಲಿ ಒಂದು ವಿಷಯ ಆಗಲೇ ಇತ್ತು. ಈ ಮನೆ, ಈ ಮುದುಕಿ, ಇವಳ ಬಾಯಿಂದ ಬೀಳುವ ಊರಿನ ಮಾತು. ಅದಕ್ಕೆ ಅಜ್ಜಿಯನ್ನು ಒಪ್ಪಿಸಲೆಂದೇ ಇವತ್ತು ಬಂದು, ವಿಷಯ ಗೊತ್ತಿಲ್ಲದವಳ ಹಾಗೆ ಮಾತು ತೆಗೆದಿದ್ದಳು. ಈಗ ಅದು ನಾಲಗೆಗೆ ಬರಲಿಲ್ಲ.

ಕೊನೆಗೆ ಕೇಳಿದಳು, "ಆ ಹೆಂಗಸು ಎದ್ದು ನಿಂತು ಕೇಳಿದ್ದೇನು?"

ಈ ಸಲ ಚಿಕ್ಕತಾಯಮ್ಮ ದನಿ ತಗ್ಗಿಸಲಿಲ್ಲ. ಸಿಂಚನಳ ಮುಖವನ್ನೇ ನೋಡುತ್ತ, ಆ ಹೆಂಗಸು ಹೇಳಿದ ಹಾಗೆಯೇ ಹೇಳಿದಳು.

"ಅವನು ಸತ್ತ ಅಂತ ನಾನು ಹೇಳಿದ್ದು ನಾನು ಬದುಕೋದಕ್ಕೆ. ಅವನು ಬದುಕಿದ್ದಾನೆ ಅಂತ ನೀನು ಹೇಳಿದ್ದು ಯಾತಕ್ಕೆ, ತಂಗಿ?"